ಕತ್ತಿ ತೊಳೆದ ಮೇಲೆ ಉಳಿಯುವ ಬಾಳು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ: ಮಾಜಿ ಸೈನಿಕನಿಗೆ ಊರು ಮೆರವಣಿಗೆ ಮಾಡುತ್ತದೆ. ಮಾರನೆಯ ದಿನ ಏನು ಮಾಡುತ್ತದೆ?

ರಜೆಯ ಮೇಲೆ ಊರಿಗೆ ಬಂದ ಸೈನಿಕನಿಗೆ ಅರಳಿಕಟ್ಟೆಯಲ್ಲಿ ಎದುರಾಗುವುದು ಎರಡೇ ಪ್ರಶ್ನೆ. ‘ಯಾವಾಗ್ ಬಂದ್ಯಪ್ಪಾ?’ ಅದರ ಬೆನ್ನಿಗೇ ‘ಯಾವಾಗ್ ಹೋಗ್ತೀಯಾ?’ ಹದಿನೈದೋ ಇಪ್ಪತ್ತೋ ವರ್ಷ ಈ ಎರಡಕ್ಕೂ ಉತ್ತರ ಹೇಳಿ ರೂಢಿಯಾದವನು ಒಂದು ದಿನ ಕಪ್ಪು ಟ್ರಂಕು ಇಳಿಸಿಕೊಂಡು ಕೊನೆಯ ಸಲ ಬರುತ್ತಾನೆ. ಎರಡನೆಯ ಪ್ರಶ್ನೆಗೆ ಈಗ ಅವನ ಉತ್ತರ, ‘ಇನ್ ಹೋಗಂಗಿಲ್ಲ, ಪೆನ್ಷನ್ ಆಯ್ತು.’ ಕೇಳಿದವರು ‘ಒಳ್ಳೇದಾಯ್ತು ಬಿಡು’ ಅನ್ನುತ್ತಾರೆ. ಊರಿನ ಕುತೂಹಲ ಅಲ್ಲಿಗೆ ಮುಗಿಯಿತು. ಅವನ ತಾಪತ್ರಯ ಅಲ್ಲಿಂದ ಶುರು.

ಈಗೀಗ ಆ ದಿನಕ್ಕೊಂದು ಸಂಭ್ರಮ ಬಂದಿದೆ. ನಿವೃತ್ತನಾಗಿ ಬರುವವನನ್ನು ರೈಲ್ವೆ ನಿಲ್ದಾಣದಲ್ಲೋ ಊರ ಬಾಗಿಲಲ್ಲೋ ಕಾದು, ಹಾರ ಹಾಕಿ, ತೆರೆದ ಜೀಪಿನಲ್ಲಿ ಹೆಂಡತಿ ಮಕ್ಕಳ ಸಮೇತ ನಿಲ್ಲಿಸಿ, ವಾದ್ಯದ ಹಿಂದೆ ಮೆರವಣಿಗೆ ಕರೆತರುತ್ತಾರೆ. ಗೆಳೆಯರು, ಹಳೆಯ ಸಹಪಾಠಿಗಳು, ತಾಲ್ಲೂಕಿನ ಮಾಜಿ ಸೈನಿಕರು ಸೇರುತ್ತಾರೆ. ಹೆತ್ತವರು ಆರತಿ ಎತ್ತುತ್ತಾರೆ. ಒಳ್ಳೆಯ ಪದ್ಧತಿ, ಬೆಳೆಯಲಿ. ಆದರೆ ಬಾಡಿಗೆಗೆ ಬಂದ ಜೀಪು ಸಂಜೆಗೆ ವಾಪಸು ಹೋಗುತ್ತದೆ. ಅದರಿಂದ ಇಳಿದವನ ಮುಂದೆ ಇನ್ನೂ ಮೂವತ್ತು ನಲವತ್ತು ವರ್ಷ ಬಿದ್ದಿರುತ್ತದೆ. ಆ ವರ್ಷಗಳ ಬಗ್ಗೆ ಈ ಲೇಖನ.

ಹಲ್ಮಿಡಿಯ ಕಲ್ಲು ಹೇಳುವುದು

ಈ ವಿಚಾರ ಹಾಸನ ಸೀಮೆಗೆ ಹೊಸದಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರದೆಂದು ವಿದ್ವಾಂಸರು ಎಣಿಸುವ ಶಾಸನವನ್ನು ಕನ್ನಡದ ಮೊದಲ ಶಾಸನವೆಂದೇ ನಾವೆಲ್ಲ ಶಾಲೆಯಲ್ಲಿ ಓದಿದೆವು. ಕಾಲ, ಊರು ಬರೆದು ಅಂಕ ಗಿಟ್ಟಿಸಿಕೊಂಡೆವು. ಅದರೊಳಗೆ ಏನಿದೆ ಎಂದು ಕೇಳಿದವರು ಕಡಿಮೆ.

ವಿಷ್ಣುಸ್ತುತಿಯಿಂದ ಆರಂಭವಾದರೂ ಆ ಕಲ್ಲಿನ ಅಸಲು ವಿಷಯ ಒಬ್ಬ ಯೋಧ. ಕದಂಬರ ಕಾಲದಲ್ಲಿ ಕೇಕಯ, ಪಲ್ಲವರೊಂದಿಗಿನ ಕಾಳಗದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಹಳ್ಳಿಗಳನ್ನು ‘ಬಾಳ್ಗಳ್ಚು’ ಆಗಿ ಬಿಟ್ಟುಕೊಟ್ಟ ದಾಖಲೆ ಅದು. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆಯುವುದು. ಕಾಳಗ ಮುಗಿಸಿ ಬಂದವನ ಕತ್ತಿಯನ್ನು ತೊಳೆದು ಕೊಡುವ ಕೊಡುಗೆ. ಸತ್ತವನ ಮನೆಯವರಿಗೆ ಕೊಡುವ ಭೂಮಿಗೆ ‘ನೆತ್ತರುಗೊಡಗೆ’ ಎಂಬ ಬೇರೆಯದೇ ಹೆಸರಿತ್ತು. ತಿರುಗಿ ಬಂದವನಿಗೊಂದು, ಬಾರದೇ ಹೋದವನ ಮನೆಗೊಂದು. ಇವತ್ತಿನ ಕಡತದಲ್ಲಿ ನಾವು ಬರೆಯುವ ‘ಮಾಜಿ ಸೈನಿಕ’, ‘ವೀರನಾರಿ’ ಎಂಬ ಎರಡು ಶೀರ್ಷಿಕೆಗಳು ಆಗಲೇ ಬೇರೆ ಬೇರೆಯಾಗಿದ್ದವು.

ಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕೊಟ್ಟದ್ದನ್ನು ಕಿತ್ತುಕೊಂಡವನು ಮಹಾಪಾತಕಿ ಎನ್ನುತ್ತದೆ. ಕೊಡುವುದು ಅರಸನ ಕೆಲಸ. ಕೊಟ್ಟದ್ದು ಯೋಧನ ಕೈಯಲ್ಲೇ ಉಳಿಯುವಂತೆ ನೋಡಿಕೊಳ್ಳುವುದು ಊರಿನ ಕೆಲಸ. ಅದಕ್ಕಾಗಿಯೇ ಅದನ್ನು ಊರ ನಡುವೆ ಕಲ್ಲಿನಲ್ಲಿ ಕೆತ್ತಿಸಿದ್ದು.

ಭಾಷೆಯ ಒಂದು ಸ್ವಾರಸ್ಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಳಗನ್ನಡದಲ್ಲಿ ಕತ್ತಿಯ ‘ಬಾಳ್’ಗೂ ಬದುಕಿನ ‘ಬಾೞ್’ಗೂ ಅಕ್ಷರ ಬೇರೆ ಇತ್ತು. ಮುಂದೆ ಆ ‘ೞ’ ಬಳಕೆಯಿಂದ ಹೋಯಿತು, ಎರಡೂ ಒಂದೇ ಪದವಾಗಿ ಕಾಣಿಸತೊಡಗಿದವು. ಸೈನಿಕನ ಮಟ್ಟಿಗೆ ಮಾತ್ರ ಅವು ಇಂದಿಗೂ ಬೇರೆಯೇ. ಕತ್ತಿಯ ಕಾಲ ಹದಿನೈದಿಪ್ಪತ್ತು ವರ್ಷ, ಬದುಕಿನ ಕಾಲ ಅದರ ಇಮ್ಮಡಿ.

‘ಮಿಲ್ಟ್ರಿ’ಯವರ ಸೀಮೆ

ಸೇನೆಯ ಮಾತು ಬಂದರೆ ನಮಗೆ ಮೊದಲು ನೆನಪಾಗುವುದು ಕೊಡಗು. ಅದು ಸಹಜ. ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಕೆ.ಎಂ. ಕಾರ್ಯಪ್ಪ ಅಲ್ಲಿಯವರು, 1957ರಿಂದ 1961ರವರೆಗೆ ಭೂಸೇನಾ ಮುಖ್ಯಸ್ಥರಾಗಿದ್ದ ಕೆ.ಎಸ್. ತಿಮ್ಮಯ್ಯ ಅಲ್ಲಿಯವರು. ಆದರೆ ಕೊಡಗಿನ ಗಡಿ ದಾಟಿದರೆ ಸಿಗುವುದೇ ಅರಕಲಗೂಡು ತಾಲ್ಲೂಕು. ಕೊಣನೂರು, ರಾಮನಾಥಪುರದ ಹೊಗೆಸೊಪ್ಪಿನ ಹೊಲಗಳು, ಹೇಮಾವತಿ ದಂಡೆಯ ಹೊಳೆನರಸೀಪುರದ ಗದ್ದೆಗಳು, ಹಾಸನದ ಸುತ್ತಲಿನ ಆಲೂಗಡ್ಡೆ, ಶುಂಠಿ ಬೆಳೆಯುವ ಹಳ್ಳಿಗಳು, ಚನ್ನರಾಯಪಟ್ಟಣದ ತೆಂಗಿನ ತೋಟಗಳು, ಎಲ್ಲ ಕಡೆಯಿಂದಲೂ ಹುಡುಗರು ಸೇನೆಗೆ ಹೋಗಿದ್ದಾರೆ. ಎರಡೆಕರೆ ಹೊಲ ಮೂವರು ಅಣ್ಣತಮ್ಮಂದಿರಿಗೆ ಹಂಚಿಹೋಗುವ ಮನೆಯಿಂದ ಒಬ್ಬ ಸೇನೆಗೆ ಸೇರುವುದು ದೇಶಭಕ್ತಿಯೂ ಹೌದು, ಮನೆಯ ಲೆಕ್ಕಾಚಾರವೂ ಹೌದು. ಎರಡನ್ನೂ ಮುಚ್ಚಿಡಬೇಕಿಲ್ಲ. ಅಂಥ ಮನೆಯ ತಂಗಿಯ ಮದುವೆ, ತಮ್ಮನ ಓದು, ಹೊಸ ಹೆಂಚಿನ ಮಾಡು ಎಲ್ಲ ಗಡಿಯಿಂದ ಬಂದ ಮನಿಯಾರ್ಡರಿನ ಮೇಲೇ ಎದ್ದಿವೆ.

ಊರಿನ ಬಾಯಲ್ಲಿ ಇವರೆಲ್ಲ ‘ಮಿಲ್ಟ್ರಿ’ಯವರು. ಮಿಲ್ಟ್ರಿ ಗೌಡ್ರು, ಮಿಲ್ಟ್ರಿ ಮಂಜಣ್ಣ, ಅವರ ಮನೆಯಾಕೆ ಮಿಲ್ಟ್ರಿಯವರ ಹೆಂಡತಿ. ಸಿಆರ್‌ಪಿಎಫ್, ಬಿಎಸ್‌ಎಫ್‌ನಿಂದ ಬಂದವರೂ ಊರಿಗೆ ಮಿಲ್ಟ್ರಿಯೇ. ಕಾನೂನಿಗೆ ಹಾಗಲ್ಲ. ಭೂಸೇನೆ, ನೌಕಾಸೇನೆ, ವಾಯುಸೇನೆಯಿಂದ ನಿಯಮಾನುಸಾರ ಬಿಡುಗಡೆಯಾದವರು ಮಾತ್ರ ‘ಮಾಜಿ ಸೈನಿಕ’ರು. ಅರೆಸೇನಾ ಪಡೆಗಳವರಿಗೆ ಬೇರೆ ಇಲಾಖೆ, ಬೇರೆ ನಿಯಮ. ಒಂದೇ ಹಿಮದಲ್ಲಿ ನಿಂತು ಬಂದ ಅಕ್ಕಪಕ್ಕದ ಮನೆಯ ಇಬ್ಬರಲ್ಲಿ ಒಬ್ಬರಿಗೆ ಇರುವ ಸೌಲಭ್ಯ ಇನ್ನೊಬ್ಬರಿಗೆ ಇಲ್ಲ ಎಂಬುದನ್ನು ಊರಿಗೆ ವಿವರಿಸಿ ಹೇಳುವುದೇ ಕಷ್ಟ.

ಹದಿನೇಳೂವರೆಗೇ ಸೇನೆ ಸೇರಬಹುದು. ಸಿಪಾಯಿಯ ಪಿಂಚಣಿಗೆ ಕನಿಷ್ಠ ಹದಿನೈದು ವರ್ಷದ ಸೇವೆ ಸಾಕು. ಹೀಗಾಗಿ ಕೆಳದರ್ಜೆಯಿಂದ ನಿವೃತ್ತರಾಗುವ ಬಹಳ ಜನಕ್ಕೆ ಆಗಿನ್ನೂ ನಲವತ್ತು ದಾಟಿರುವುದಿಲ್ಲ. ಸರ್ಕಾರಿ ಶಾಲೆಯ ಮೇಷ್ಟ್ರು ಅರವತ್ತಕ್ಕೆ ನಿವೃತ್ತರಾದರೆ ಮಕ್ಕಳು ದಡ ಸೇರಿರುತ್ತಾರೆ. ಸೈನಿಕ ನಿವೃತ್ತನಾಗುವಾಗ ಅವನ ಮಗಳು ಆರನೇ ತರಗತಿಯಲ್ಲಿರುತ್ತಾಳೆ. ‘ಪೆನ್ಷನ್ ಬರುತ್ತಲ್ಲ, ಇನ್ನೇನು’ ಎನ್ನುವವರು ಈ ಲೆಕ್ಕ ಹಾಕಿರುವುದಿಲ್ಲ. ಬ್ಯಾಂಕಿನ ಬಾಗಿಲಲ್ಲಿ, ಕಾರ್ಖಾನೆಯ ಗೇಟಿನಲ್ಲಿ, ಬೆಂಗಳೂರಿನ ಅಪಾರ್ಟ್‌ಮೆಂಟಿನ ಮುಂದೆ ನೇರ ನಿಂತಿರುವ ನಡುವಯಸ್ಸಿನ ಕಾವಲುಗಾರ ಎಷ್ಟೋ ಸಲ ಇಂಥವನೇ.

ಇನಿಷಿಯಲ್ಲಿನ ತೊಡಕು

ಶತ್ರುವಿನ ಗುಂಡಿಗೆ ಹೆದರದವನನ್ನು ಒಂದು ಇಂಗ್ಲಿಷ್ ಅಕ್ಷರ ಕಾಡುತ್ತದೆ. ನಮ್ಮ ಕಡೆ ಹೆಸರಿನ ಹಿಂದೆ ಊರಿನದೂ ಅಪ್ಪನದೂ ಮೊದಲಕ್ಷರ ಇರುತ್ತದೆ. ಸೇನೆಯ ದಫ್ತರಿನಲ್ಲಿ ಅದನ್ನು ಬರೆದುಕೊಂಡವನು ಬೇರೆ ರಾಜ್ಯದವನು. ಅವನ ಕೈಯಲ್ಲಿ ಇನಿಷಿಯಲ್ ಹಿಂದಿನದು ಮುಂದಕ್ಕೆ ಹೋಗುತ್ತದೆ, ‘ಗೌಡ’ ಬೇರೆ ಪದವಾಗುತ್ತದೆ, ‘ಲಕ್ಷ್ಮಮ್ಮ’ ‘ಲಕ್ಷ್ಮಿ ಅಮ್ಮಾ’ ಆಗುತ್ತಾಳೆ. ಮದುವೆಯಾದ ಹೊಸದರಲ್ಲಿ ಹೆಂಡತಿಯ ಕರೆಯುವ ಹೆಸರು ಬರೆಸಿದವರೂ ಇದ್ದಾರೆ. ಆಧಾರ್ ಕಾರ್ಡಿನಲ್ಲಿ ಒಂದು, ಶಾಲೆಯ ವರ್ಗಾವಣೆ ಪತ್ರದಲ್ಲಿ ಇನ್ನೊಂದು, ಡಿಸ್ಚಾರ್ಜ್ ಬುಕ್ಕಿನಲ್ಲಿ ಮತ್ತೊಂದು.

ಅವನು ಬದುಕಿರುವಷ್ಟು ದಿನ ಇದು ದೊಡ್ಡ ವಿಷಯವಲ್ಲ. ಅವನು ಹೋದ ಮೇಲೆ ಕುಟುಂಬ ಪಿಂಚಣಿಗೆ ಅರ್ಜಿ ಹಾಕುವ ದಿನ ಅದೇ ದೊಡ್ಡ ಗೋಡೆ. ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ವೇತನದ ಶೇ 30 ಅಷ್ಟೇ. ಅದಕ್ಕೂ ಅಫಿಡವಿಟ್ಟು, ತಹಶೀಲ್ದಾರರ ದೃಢೀಕರಣ, ರೆಕಾರ್ಡ್ ಆಫೀಸಿಗೆ ಪತ್ರ, ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾಯುವುದು. ರಕ್ಷಣಾ ಪಿಂಚಣಿಯ ಪ್ರಧಾನ ಕಚೇರಿ ಇರುವುದು ಪ್ರಯಾಗರಾಜದಲ್ಲಿ. ಈಗ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆ ಬಂದು ಪ್ರಯಾಗರಾಜ ಮೊಬೈಲಿನೊಳಕ್ಕೇ ಬಂದಿದೆ. ಆದರೆ ಪಾಸ್‌ವರ್ಡ್ ಮರೆತ ಎಪ್ಪತ್ತೈದರ ಹವಾಲ್ದಾರನಿಗೆ, ಗಂಡನ ಸಿಮ್ಮು ಬಂದ್ ಆಗಿ ಒಟಿಪಿ ಬಾರದ ವಿಧವೆಗೆ ಅದು ಮೊದಲಿನಷ್ಟೇ ದೂರ. ಪ್ರತಿ ನವೆಂಬರಿನಲ್ಲಿ ‘ನಾನಿನ್ನೂ ಬದುಕಿದ್ದೇನೆ’ ಎಂದು ಜೀವನ ಪ್ರಮಾಣಪತ್ರ ಕೊಡಬೇಕು. ಗಾರೆ, ಗೊಬ್ಬರ ಹಿಡಿದು ಸವೆದ ಬೆರಳಿನ ಗುರುತನ್ನು ಯಂತ್ರ ಒಪ್ಪುವುದಿಲ್ಲ. ಈಗ ಮುಖ ತೋರಿಸಿ ದೃಢೀಕರಿಸುವ ಅವಕಾಶವೂ ಇದೆ ಎಂಬುದು ಎಷ್ಟೋ ಜನಕ್ಕೆ ತಿಳಿದೇ ಇಲ್ಲ.

ಇಲ್ಲಿ ಸಂಘಗಳ ನಿಜವಾದ ಬೆಲೆ ತಿಳಿಯುವುದು. ತಾಲ್ಲೂಕಿನ ಮಾಜಿ ಸೈನಿಕರ ಸಂಘವೆಂದರೆ ಸಾಮಾನ್ಯವಾಗಿ ಒಂದು ಬಾಡಿಗೆ ಕೋಣೆ, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಗೋಡೆಯ ಮೇಲೆ ಕಾರ್ಯಪ್ಪನವರ ಚಿತ್ರ. ಅಲ್ಲಿ ಒಬ್ಬರಾದರೂ ಹಳೆಯ ‘ಕ್ಲರ್ಕ್ ಸಾಬ್’ ಇರುತ್ತಾರೆ. ಸೇನೆಯಲ್ಲಿ ಕಚೇರಿ ಕೆಲಸ ಮಾಡಿ ಬಂದವರು, ಯಾವ ಅರ್ಜಿ ಯಾವ ರೆಕಾರ್ಡ್ಸಿಗೆ, ಯಾವ ಕಾಗದಕ್ಕೆ ಯಾರ ಸಹಿ ಎಂಬುದು ಬಾಯಿಪಾಠ. ಅವರು ಒಂದು ಬೆಳಿಗ್ಗೆ ಕೂತು ಬರೆದುಕೊಡುವ ಒಂದು ಪತ್ರದಿಂದ ಒಬ್ಬ ವಿಧವೆಯ ಮನೆಯ ಒಲೆ ಉರಿಯುತ್ತದೆ. ಪತ್ರಿಕೆಗೆ ಅದು ಸುದ್ದಿಯಾಗುವುದಿಲ್ಲ, ಫೋಟೊ ಬರುವುದಿಲ್ಲ.

ಮೂವತ್ತು ಕಿಲೋಮೀಟರ್ ದೂರದ ಮಾತ್ರೆ

2003ರ ಏಪ್ರಿಲ್ 1ರಂದು ಶುರುವಾದ ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆ, ಪಿಂಚಣಿದಾರರಿಗೆ ಸಿಕ್ಕ ದೊಡ್ಡ ಆಸರೆ. ಪಾಲಿಕ್ಲಿನಿಕ್ಕಿನಲ್ಲಿ ತೋರಿಸಬೇಕು, ಅಲ್ಲಿಂದ ಚೀಟಿ ಪಡೆದು ಒಪ್ಪಂದದ ಆಸ್ಪತ್ರೆಗೆ ಹೋಗಬೇಕು. ಜಿಲ್ಲೆಯವರಿಗೆ ಪಾಲಿಕ್ಲಿನಿಕ್ ಇರುವುದು ಹಾಸನ ನಗರದಲ್ಲಿ. ಹಾಸನದವನಿಗೆ ಆಟೊದ ದಾರಿ. ಹೊಳೆನರಸೀಪುರದವರಿಗೆ ಮೈಸೂರು ಮಾರ್ಗದ ರೈಲು, ಚನ್ನರಾಯಪಟ್ಟಣದವರಿಗೆ 2017ರಲ್ಲಿ ಪೂರ್ಣಗೊಂಡ ಬೆಂಗಳೂರು ಮಾರ್ಗದ ರೈಲು ಉಂಟು. ಅರಕಲಗೂಡಿಗೆ ರೈಲೇ ಇಲ್ಲ. ರಾಮನಾಥಪುರದ ಆಚೆಯ ಹಳ್ಳಿಯಿಂದ ಸಕ್ಕರೆ ಕಾಯಿಲೆಯ ಮಾತ್ರೆಗೆಂದು ಹೊರಟ ಮುದುಕ ಎರಡು ಬಸ್ಸು ಬದಲಿಸಿ, ಸಾಲಿನಲ್ಲಿ ನಿಂತು, ಇದ್ದ ಮಾತ್ರೆ ತೆಗೆದುಕೊಂಡು ಮನೆ ಸೇರುವಾಗ ದೀಪ ಹಚ್ಚುವ ಹೊತ್ತು.

ಈ ದಾರಿಯನ್ನು ಕಡಿಮೆ ಮಾಡಲು ದೊಡ್ಡ ಯೋಜನೆ ಬೇಕಿಲ್ಲ. ತಿಂಗಳಿಗೊಂದು ದಿನ ಗೊತ್ತು ಮಾಡಿಕೊಂಡು ನಾಲ್ಕು ಜನ ಒಂದೇ ಗಾಡಿಯಲ್ಲಿ ಹೋದರೆ ಸಾಕು. ಹೊಸದಾಗಿ ನಿವೃತ್ತನಾದವನು ಗಾಡಿ ಓಡಿಸಲಿ, ಹಳಬರು ಡೀಸೆಲಿಗೆ ಕೊಡಲಿ. ಒಂದು ಸೆಕ್ಷನ್ನಿನ ಕೆಲಸವನ್ನು ಹಂಚಿಕೊಂಡು ಮಾಡುವುದು ಇವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಪಿಂಚಣಿಯೇ ಇಲ್ಲದ ಮಾಜಿ ಸೈನಿಕರೂ ಇದ್ದಾರೆ. ಪಿಂಚಣಿಯ ಅವಧಿ ತುಂಬುವ ಮೊದಲೇ ಬಿಡುಗಡೆಯಾದವರು, ಅಂಥವರ ವಿಧವೆಯರು. ಹವಾಲ್ದಾರ್ ಹಾಗೂ ಅದಕ್ಕಿಂತ ಕೆಳಗಿನ ದರ್ಜೆಯ, 65 ದಾಟಿದ ಇಂಥವರಿಗೆ ರಕ್ಷಣಾ ಸಚಿವಾಲಯದ ನಿಧಿಯಿಂದ ತಿಂಗಳಿಗೆ 4,000 ರೂಪಾಯಿ ಬರುತ್ತಿತ್ತು. 2025ರ ನವೆಂಬರಿನಿಂದ ಅದನ್ನು 8,000ಕ್ಕೆ ಏರಿಸಲಾಗಿದೆ. ಇಬ್ಬರು ಮಕ್ಕಳವರೆಗೆ ಓದಿನ ನೆರವು ತಿಂಗಳಿಗೆ ತಲಾ 1,000ದಿಂದ 2,000ಕ್ಕೆ, ಮಗಳ ಮದುವೆಯ ನೆರವು 50,000ದಿಂದ ಒಂದು ಲಕ್ಷಕ್ಕೆ ಏರಿದೆ. ಅರ್ಜಿ ಹೋಗುವುದು ಹಾಸನದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯ ಮೂಲಕ. ಅರ್ಹಳಾದ ಅಜ್ಜಿಯೊಬ್ಬಳು ಯಾವುದೋ ಹಟ್ಟಿಯಲ್ಲಿ ಇದೊಂದೂ ಗೊತ್ತಿಲ್ಲದೆ ಕೂತಿದ್ದರೆ ಆ ತಪ್ಪು ದೆಹಲಿಯದಲ್ಲ, ಗೊತ್ತಿದ್ದೂ ಹೇಳದ ನೆರೆಹೊರೆಯದು.

ಭೂಮಿಯ ಆಸೆ

ಕರ್ನಾಟಕ ಭೂ ಮಂಜೂರಾತಿ ನಿಯಮಗಳು, 1969ರಲ್ಲಿ ಮಂಜೂರು ಮಾಡಬಹುದಾದ ಸರ್ಕಾರಿ ಜಮೀನಿನಲ್ಲಿ ಶೇ 10ರಷ್ಟು ಸೈನಿಕರಿಗೆ, ಮಾಜಿ ಸೈನಿಕರಿಗೆ ಮೀಸಲು. ಹಲ್ಮಿಡಿಯ ಬಾಳ್ಗಳ್ಚುವಿನ ನೇರ ವಂಶಸ್ಥ ಈ ನಿಯಮ ಎನ್ನಬಹುದು. ಆದರೆ ಮಂಜೂರು ಮಾಡಲು ಜಮೀನು ಎಲ್ಲಿದೆ? ನೂರು ರಾಸಿಗೆ ಸುಮಾರು ಮೂವತ್ತು ಎಕರೆಯಂತೆ ಗೋಮಾಳ ಉಳಿಸಬೇಕು. ಮಿಕ್ಕಿದ್ದಕ್ಕೆ ಬಗರ್‌ಹುಕುಂ ಸಾಗುವಳಿದಾರರು ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ಕೂತಿದ್ದಾರೆ. ಅರಣ್ಯ ಇಲಾಖೆಯ ಹಕ್ಕುಸಾಧನೆ ಬೇರೆ. ಅದರ ಮೇಲೆ ಹಾಸನಕ್ಕೇ ವಿಶೇಷವಾದ ಇನ್ನೊಂದು ಸಾಲು, ಹೇಮಾವತಿ ಸಂತ್ರಸ್ತರದು. ಗೊರೂರಿನಲ್ಲಿ 1979ರಲ್ಲಿ ಮುಗಿದ ಅಣೆಕಟ್ಟೆಗೆ ಊರು ಕೊಟ್ಟವರಿಗೂ ಇದೇ ಜಿಲ್ಲೆಯ ಭೂಮಿಯಲ್ಲೇ ಪಾಲು ಸಿಗಬೇಕಿತ್ತು. ಇಷ್ಟೂ ಸಾಲಿನ ಕೊನೆಯಲ್ಲಿ ಮಾಜಿ ಸೈನಿಕ ನಿಲ್ಲುತ್ತಾನೆ. ಅವನ ಅರ್ಜಿಗೆ ‘ಜಮೀನು ಲಭ್ಯವಿಲ್ಲ’ ಎಂಬ ಷರಾ ಬೀಳುತ್ತದೆ. ಮಾಜಿ ಸೈನಿಕರ ಸಭೆಗಳ ಮನವಿಪತ್ರದಲ್ಲಿ ಭೂಮಿ ಅಥವಾ ನಿವೇಶನ ಯಾಕೆ ತಪ್ಪುವುದೇ ಇಲ್ಲ ಎಂಬುದಕ್ಕೆ ಕಾರಣ ಇದು.

ಭೂಮಿ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೂ ಈ ಜಿಲ್ಲೆಯಲ್ಲೇ ಒಂದು ಕಥೆ ಇದೆ. ಗೊರೂರಿನಲ್ಲಿ ಬೆಳೆದ ಜಿ.ಆರ್. ಗೋಪಿನಾಥ್ ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿ, ಸೇನಾಧಿಕಾರಿಯಾಗಿ, 1971ರ ಬಾಂಗ್ಲಾ ವಿಮೋಚನಾ ಯುದ್ಧದಲ್ಲಿ ಭಾಗವಹಿಸಿ, ಎಂಟು ವರ್ಷದ ಸೇವೆಯ ಬಳಿಕ ಕ್ಯಾಪ್ಟನ್ ಆಗಿ ಹೊರಬಂದರು. ಅವರ ಮನೆತನದ ಜಮೀನು ಹೇಮಾವತಿಯಲ್ಲಿ ಮುಳುಗಿತ್ತು. ಬದಲಿಗೆ ಸಿಕ್ಕಿದ್ದು ಅರಸೀಕೆರೆ ತಾಲ್ಲೂಕಿನ ಜಾವಗಲ್ ಬಳಿಯ ಒಣಭೂಮಿ. ಅಲ್ಲೇ ಗುಡಾರ ಹಾಕಿ ಬೇಸಾಯಕ್ಕೆ ನಿಂತರು. ಪರಿಸರಕ್ಕೆ ಒಗ್ಗುವ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಮರುವರ್ಷ ಸೇನೆಯ ಗೆಳೆಯ ಕ್ಯಾಪ್ಟನ್ ಕೆ.ಜೆ. ಸ್ಯಾಮ್ಯುಯೆಲ್ ಜೊತೆ ಹೆಲಿಕಾಪ್ಟರ್ ಕಂಪನಿ, 2003ರಲ್ಲಿ ಏರ್ ಡೆಕ್ಕನ್ ವಿಮಾನ ಸಂಸ್ಥೆ. ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತು.

ಆ ಕಥೆಯಲ್ಲಿ ನನ್ನ ಗಮನ ವಿಮಾನದ ಮೇಲಿಲ್ಲ. ಮಾಜಿ ಸೈನಿಕನೊಬ್ಬನಿಗೆ ನೆಲೆ ಕೊಟ್ಟದ್ದು ಸೈನಿಕರ ಕೋಟಾದ ಭೂಮಿಯಲ್ಲ, ಮುಳುಗಡೆಯವರ ಕೋಟಾದ ಭೂಮಿ. ಅದೂ ಅವರ ಕೈಗೂಡಿದ್ದು ಸುತ್ತಲ ಹಳ್ಳಿಯವರು ಬಂದು ಹೇಗೆ ಉಳಬೇಕು, ಏನು ನೆಡಬೇಕು ಎಂದು ತೋರಿಸಿಕೊಟ್ಟಿದ್ದರಿಂದ. ಎಲ್ಲರೂ ಕ್ಯಾಪ್ಟನ್ ಗೋಪಿನಾಥ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಹದಿನೆಂಟು ವರ್ಷ ಹೊಲ ಬಿಟ್ಟಿದ್ದ ಹವಾಲ್ದಾರನಿಗೆ ಶುಂಠಿಗೆ ಯಾವಾಗ ಕೊಳೆರೋಗ ಬರುತ್ತದೆ, ಆಲೂಗಡ್ಡೆಯ ಬಿತ್ತನೆ ಬೀಜ ಎಲ್ಲಿ ನಂಬಿ ಕೊಳ್ಳಬೇಕು ಎಂದು ಹೇಳಿಕೊಡುವ ಪಕ್ಕದ ಹೊಲದವನು ಬೇಕು. ಪಿಂಚಣಿಯ ಗಂಟನ್ನೆಲ್ಲ ಒಂದೇ ವರ್ಷದ ಶುಂಠಿಗೆ ಸುರಿದು ಕೈಸುಟ್ಟುಕೊಳ್ಳದಂತೆ ತಡೆಯುವವನು ಬೇಕು.

ಹುಡುಕಿಕೊಂಡು ಬರುವ ಮೂರು ಕಾರಣ

ಊರವರು ಮಾಜಿ ಸೈನಿಕನ ಮನೆ ಹುಡುಕಿಕೊಂಡು ಹೋಗುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ. ಕ್ಯಾಂಟೀನಿನ ರಮ್ಮು, ಕ್ಯಾಂಟೀನಿನ ಮಿಕ್ಸಿ, ಆಗಸ್ಟ್ 15ರ ಧ್ವಜಾರೋಹಣ. ನಗಬೇಡಿ, ನಾವೆಲ್ಲ ಒಂದಲ್ಲ ಒಂದು ಸಲ ಕೇಳಿದವರೇ. ‘ಏನ್ ಮಿಲ್ಟ್ರಿ, ಕೋಟಾ ಬಂತಾ?’ ಎಂಬ ಸಲಿಗೆಯ ಮಾತಿಗೆ ಅವನೂ ನಗುತ್ತಾನೆ. ಆದರೆ ‘ನಿನಗೆ ನಿದ್ದೆ ಸರಿಯಾಗಿ ಬರುತ್ತಾ?’ ಎಂದು ಕೇಳಿದವರು ಎಷ್ಟು ಜನ? ನಸುಕಿಗೆ ಎದ್ದು, ಗಂಟೆ ಹೊಡೆದಂತೆ ಬದುಕಿ, ಸುತ್ತ ಮೂವತ್ತು ಜನರ ಜೊತೆ ಉಂಡು ಮಲಗಿದವನಿಗೆ ಹಳ್ಳಿಯ ಉದ್ದನೆಯ ಮಧ್ಯಾಹ್ನ ಕಳೆಯುವುದೇ ದೊಡ್ಡ ಕೆಲಸ. ಅಣ್ಣತಮ್ಮಂದಿರು ಅವನಿಲ್ಲದೇ ಸಂಸಾರ ನಡೆಸಿ ರೂಢಿಯಾದವರು, ಮಕ್ಕಳು ಅಪ್ಪನನ್ನು ರಜೆಯಲ್ಲಿ ಮಾತ್ರ ಕಂಡವರು. ಮನೆಯಲ್ಲೂ ಅವನು ಕೊಂಚ ಅತಿಥಿ.

ಸಂಘದ ಚಟುವಟಿಕೆಗಳು ಈ ಒಂಟಿತನಕ್ಕೂ ಮದ್ದು. ಜುಲೈ 26ರ ಕಾರ್ಗಿಲ್ ವಿಜಯ ದಿವಸ, ಡಿಸೆಂಬರ್ 7ರ ಧ್ವಜ ದಿನ, ಡಿಸೆಂಬರ್ 16ರ ವಿಜಯ ದಿವಸ, ಜನವರಿ 14ರ ಸೇನಾ ವೆಟರನ್ಸ್ ದಿನ, ಎಲ್ಲಕ್ಕೂ ಸೇರುತ್ತಾರೆ. ಪದಕಗಳನ್ನು ಒರೆಸಿ ಎದೆಗೆ ಸಿಕ್ಕಿಸಿಕೊಳ್ಳುತ್ತಾರೆ. ರಕ್ತದಾನ, ಸಸಿ ನೆಡುವುದು, ಶಾಲೆಗೆ ಹೋಗಿ ಮಾತಾಡುವುದು ನಡೆಯುತ್ತದೆ. ಎಲ್ಲಕ್ಕಿಂತ ಉಪಯುಕ್ತವಾದದ್ದು ಬೆಳಗಿನ ಮೈದಾನದಲ್ಲಿ ಕಾಣುತ್ತದೆ. ಸೇನೆ ಸೇರಬಯಸುವ ಹುಡುಗರಿಗೆ 1.6 ಕಿಲೋಮೀಟರ್ ಓಟ, ಪುಲ್‌ಅಪ್, ಲಿಖಿತ ಪರೀಕ್ಷೆಯ ತಯಾರಿಯನ್ನು ಬಿಡಿಗಾಸು ಪಡೆಯದೆ ಹೇಳಿಕೊಡುವ ಮಾಜಿ ಸೈನಿಕರಿದ್ದಾರೆ. ಅದರಿಂದ ಹುಡುಗನಿಗೆ ದಾರಿ, ಹೇಳಿಕೊಡುವವನಿಗೆ ಬೆಳಗಿನ ಐದು ಗಂಟೆ ಮರಳಿ ಸಿಕ್ಕಂತೆ.

ಧ್ವಜ ದಿನದ ಬಗ್ಗೆ ಒಂದು ಮಾತು. 1949ರಿಂದ ನಡೆದುಬಂದಿರುವ ಈ ದಿನ ಶಾಲೆಗಳಲ್ಲಿ ಕೆಂಪು, ಕಡುನೀಲಿ, ತಿಳಿನೀಲಿಯ ಪುಟ್ಟ ಕಾಗದದ ಬಾವುಟ ಹಂಚಿ ಹಣ ಸಂಗ್ರಹಿಸುತ್ತಾರೆ. ಮೂರು ಬಣ್ಣ ಮೂರು ಸೇನೆಗಳದು. ಬ್ರಿಟನ್ನಿನಲ್ಲಿ ನವೆಂಬರ್ ಬಂತೆಂದರೆ ಕಾಗದದ ಕೆಂಪು ಗಸಗಸೆ ಹೂ ಸಿಕ್ಕಿಸಿಕೊಳ್ಳುತ್ತಾರೆ. 1921ರಿಂದ ಬಂದ ರೂಢಿ, ಅದರ ದುಡ್ಡು ಹೋಗುವುದೂ ಮಾಜಿ ಸೈನಿಕರ ಕುಟುಂಬಗಳಿಗೇ. ನಮ್ಮಲ್ಲಿ ಮಕ್ಕಳು ಬಾವುಟಕ್ಕೆ ದುಡ್ಡು ಕೊಡುತ್ತಾರೆ, ಅದು ಯಾರಿಗೆ ಹೋಗುತ್ತದೆ ಎಂದು ಕೇಳಿದರೆ ಗೊತ್ತಿಲ್ಲ. ಅದೇ ಶಾಲೆಯ ಕಾಂಪೌಂಡಿನ ಆಚೆ ಮಾಜಿ ಸೈನಿಕನ ಮನೆ ಇರುತ್ತದೆ. ಆ ದಿನ ಅವನನ್ನು ಕರೆದು ಕೂರಿಸಿ ಒಂದು ಗಂಟೆ ಮಾತಾಡಿಸಿದರೆ ಬಾವುಟದ ಅರ್ಥ ಹೇಳಬೇಕಾಗಿಯೇ ಇಲ್ಲ.

ತೇಜೂರು ನೆನಪಿಟ್ಟುಕೊಳ್ಳಬೇಕು

2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೋನಮ್ ನೆಲೆಯ ಮೇಲೆ ಹಿಮ ಕುಸಿಯಿತು. ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಹತ್ತು ಮಂದಿ ಯೋಧರು ಅದರಡಿ ಸಿಲುಕಿದರು. ಆರು ದಿನದ ಬಳಿಕ ಜೀವಂತ ಸಿಕ್ಕ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗಾಗಿ ನಾಡೇ ಪ್ರಾರ್ಥಿಸಿತು. ಫೆಬ್ರುವರಿ 11ರಂದು ಅವರೂ ತೀರಿಕೊಂಡರು. ಆ ಹತ್ತು ಜನರಲ್ಲಿ ಮೂವರು ಕನ್ನಡಿಗರು. ತಂಡದ ಹಿರಿಯ, ಸುಬೇದಾರ್ ಟಿ.ಟಿ. ನಾಗೇಶ್, ಹಾಸನ ತಾಲ್ಲೂಕಿನ ತೇಜೂರಿನವರು.

ಅಂಥ ದಿನ ಹಾಸನದ ಜನ ಸಾವಿರಗಟ್ಟಲೆ ರಸ್ತೆಗಿಳಿಯುತ್ತಾರೆ. ಅಂಗಡಿ ಮುಚ್ಚುತ್ತವೆ, ಗಣ್ಯರು ಹೂಗುಚ್ಛ ಇಡುತ್ತಾರೆ, ವೃತ್ತಕ್ಕೆ ಹೆಸರಿಡುವ, ಪುತ್ಥಳಿ ನಿಲ್ಲಿಸುವ ಮಾತು ಬರುತ್ತದೆ. ನೆತ್ತರುಗೊಡಗೆಯ ನೆನಪು ಜನರಲ್ಲಿ ಇನ್ನೂ ಗಟ್ಟಿಯಾಗಿದೆ ಎಂಬುದಕ್ಕೆ ಅದು ಸಾಕ್ಷಿ. ಆದರೆ ಹುತಾತ್ಮನ ಮನೆಗೆ ಹತ್ತನೆಯ ವರ್ಷದಲ್ಲಿ ಹೋದವರು ಯಾರು? ಅಲ್ಲಿಯ ಮಗುವಿನ ಪಿಯುಸಿ ಫಲಿತಾಂಶ ಕೇಳಿದವರು ಯಾರು? ಇದನ್ನು ಯಾವೊಂದು ಊರಿನ ಮೇಲೆ ಹೊರಿಸುತ್ತಿಲ್ಲ. ಎಲ್ಲ ಊರೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ಮುಂದಿನ ಸರದಿ ಹುಡುಗರದು

ಇನ್ನು ಮೇಲೆ ಬರುವವರು ಬೇರೆ ಬಗೆಯವರು. 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಪ್ರಕಟವಾಯಿತು. ನಾಲ್ಕು ವರ್ಷದ ಸೇವೆ, ಆ ಬಳಿಕ ನಾಲ್ವರಲ್ಲಿ ಒಬ್ಬನಿಗಷ್ಟೇ ಕಾಯಂ ಸೇವೆಯ ಅವಕಾಶ. ಉಳಿದ ಮೂವರಿಗೆ ಸುಮಾರು 11.71 ಲಕ್ಷ ರೂಪಾಯಿಯ ‘ಸೇವಾ ನಿಧಿ’, ಪಿಂಚಣಿ ಇಲ್ಲ. ಮೊದಲ ತಂಡದ ನಾಲ್ಕು ವರ್ಷ ತುಂಬುವುದು 2026ರ ಕೊನೆ, 2027ರ ಆರಂಭದ ಹೊತ್ತಿಗೆ.

ಈ ಯೋಜನೆ ಸರಿಯೋ ತಪ್ಪೋ ಎಂಬ ಚರ್ಚೆ ದೊಡ್ಡದು, ಇಲ್ಲಿ ಬೇಡ. ಊರಿನ ಮುಂದಿರುವ ಪ್ರಶ್ನೆ ಸರಳ. ಇಪ್ಪತ್ತೆರಡು, ಇಪ್ಪತ್ತೈದರ ಹುಡುಗ ಕೈಯಲ್ಲಿ ಒಂದು ಗಂಟು ಹಣ ಹಿಡಿದು, ಶಿಸ್ತು ಕಲಿತು, ಕೆಲಸವಿಲ್ಲದೆ ಬರುತ್ತಾನೆ. ಅವನ ಗಂಟಿನ ಮೇಲೆ ಚೀಟಿ ವ್ಯವಹಾರದವನ ಕಣ್ಣು, ನಿವೇಶನ ದಲ್ಲಾಳಿಯ ಕಣ್ಣು, ಬುಲೆಟ್ ಶೋರೂಮಿನ ಕಣ್ಣು ಬೀಳುತ್ತದೆ. ಹಿರಿಯ ಮಾಜಿ ಸೈನಿಕನ ಕಣ್ಣು ಅದಕ್ಕೂ ಮೊದಲು ಅವನ ಮೇಲೆ ಬೀಳಬೇಕು. ಅರ್ಧಕ್ಕೆ ನಿಂತ ಪದವಿ ಮುಗಿಸು, ಪೊಲೀಸ್ ನೇಮಕಾತಿಗೆ ತಯಾರಾಗು, ಗಂಟನ್ನು ಠೇವಣಿ ಇಡು ಎಂದು ಹೇಳಲು ಅವನಿಗಿಂತ ಹಕ್ಕುಳ್ಳವನು ಇಲ್ಲ. ಸಂಘಗಳು ತಮ್ಮ ಸದಸ್ಯತ್ವದ ನಿಯಮವನ್ನು ಸ್ವಲ್ಪ ಸಡಿಲಿಸಿ, ಅಗ್ನಿವೀರರನ್ನು ಈಗಲೇ ಒಳಗೆ ಕರೆದುಕೊಳ್ಳಬೇಕು.

ಊರು ಮಾಡಬಹುದಾದದ್ದು

ಪಂಚಾಯಿತಿಗೊಂದು ಪಟ್ಟಿ ಮಾಡಿ: ನಮ್ಮಲ್ಲಿ ಎಷ್ಟು ಮಾಜಿ ಸೈನಿಕರು, ಎಷ್ಟು ವಿಧವೆಯರು, ಯಾರಿಗೆ ಪಿಂಚಣಿ ಇಲ್ಲ. ಒಂದು ಹಾಳೆ ಸಾಕು.

ನವೆಂಬರಿನಲ್ಲಿ ಊರಿನ ಪದವಿ ಓದುವ ಹುಡುಗಿಯೋ ಹುಡುಗನೋ ಮೊಬೈಲ್ ಹಿಡಿದು ಹಿರಿಯರ ಮನೆಗೆ ಹೋಗಿ ಜೀವನ ಪ್ರಮಾಣಪತ್ರ ಮುಗಿಸಿಕೊಡಲಿ. ಹತ್ತು ನಿಮಿಷದ ಕೆಲಸ.

ಮಾಜಿ ಸೈನಿಕರು ಆರೋಗ್ಯವಾಗಿರುವಾಗಲೇ ಡಿಸ್ಚಾರ್ಜ್ ಬುಕ್, ಪಿಂಚಣಿ ಪಾವತಿ ಆದೇಶ (ಪಿಪಿಒ), ಆಧಾರ್, ಬ್ಯಾಂಕ್ ಪುಸ್ತಕ ಪಕ್ಕಪಕ್ಕ ಇಟ್ಟು ಹೆಂಡತಿಯ ಹೆಸರು, ಹುಟ್ಟಿದ ದಿನ ಹೊಂದುತ್ತದೆಯೇ ನೋಡಿಕೊಳ್ಳಲಿ. ತಪ್ಪಿದ್ದರೆ ಇವತ್ತೇ ಅರ್ಜಿ ಕೊಡಲಿ. ಕಾಗದ ಎಲ್ಲಿಟ್ಟಿದೆ ಎಂಬುದನ್ನು ಹೆಂಡತಿಗೆ ತೋರಿಸಲಿ.

ತಾಲ್ಲೂಕು ಕಚೇರಿಯಲ್ಲಿ ತಿಂಗಳಿಗೊಂದು ದಿನ ಸೈನಿಕರ ಅರ್ಜಿಗೆಂದೇ ಮೀಸಲಿಡಲಿ. ಮಂಜೂರು ಮಾಡಲು ಜಮೀನು ಇಲ್ಲವೆಂದಾದರೆ ಹಾಗೆಂದು ಲಿಖಿತವಾಗಿ, ಸಕಾರಣವಾಗಿ ಹೇಳಲಿ. ವರ್ಷಗಟ್ಟಲೆ ಅಲೆಸುವುದಕ್ಕಿಂತ ಅದು ಗೌರವ.

ಸೇನಾ ವೆಟರನ್ಸ್ ದಿನ ಜನವರಿ 14ಕ್ಕೆ ಬರಲು ಕಾರಣ 1953ರ ಅದೇ ದಿನ ಕಾರ್ಯಪ್ಪನವರು ಸೇವೆಯಿಂದ ನಿವೃತ್ತರಾದದ್ದು. ನಿವೃತ್ತರಾದ ಮೇಲೂ ಮಾಜಿ ಸೈನಿಕರ ಕಷ್ಟಸುಖಕ್ಕಾಗಿ ಓಡಾಡಿದವರು ಅವರು. ನಮ್ಮ ಕಡೆ ಅದು ಸಂಕ್ರಾಂತಿಯ ಆಸುಪಾಸು. ರಾಸುಗಳಿಗೆ ಮೈತೊಳೆದು, ಸಂಜೆ ಕಿಚ್ಚು ಹಾಯಿಸಿ, ಮನೆಮನೆಗೆ ಎಳ್ಳು ಬೀರುವ ಹೊತ್ತು. ಈ ಸಲ ಎಳ್ಳಿನ ತಟ್ಟೆ ಹಿಡಿದು ಹೊರಟಾಗ ನಿಮ್ಮ ಬೀದಿಯ ಮಿಲ್ಟ್ರಿಯವರ ಮನೆಗೂ ಹೋಗಿ. ಎಳ್ಳುಬೆಲ್ಲ ಕೊಟ್ಟು ಐದು ನಿಮಿಷ ಕೂತುಕೊಳ್ಳಿ. ಯಾವಾಗ ಬಂದಿರಿ ಎಂದು ಕೇಳಬೇಕಾಗಿಲ್ಲ, ಅದು ಗೊತ್ತು. ‘ನಿಮ್ಮ ಕಾಗದಪತ್ರ ಎಲ್ಲ ಸರಿಯಾಗಿದೆಯಾ?’ ಎಂದು ಕೇಳಿ. ಇಲ್ಲ ಎಂದರೆ, ಜೊತೆಗೆ ಹಾಸನದ ಬಸ್ಸು ಹತ್ತಿ.